“ನಮ್ಮನ್ನ ಒಳಗೆ ಬಿಡ್ತಾರಾ, ಮಿಸ್?”

ಬಾಣಸಂದ್ರದಲ್ಲಿ ಬೆಳಗಿನ ರೈಲು ಹತ್ತಿ ಕಿಟಕಿ ಪಕ್ಕದ ಜಾಗಕ್ಕೆ ಒಂದಿಷ್ಟು ಜಗಳ ಮುಗಿಯೋ ಹೊತ್ತಿಗೆ ಯಾವುದಾದರೂ ಒಂದು ಮಗು ಈ ಪ್ರಶ್ನೆ ಕೇಳಿಯೇ ಕೇಳುತ್ತೆ. ಹನ್ನೊಂದು ವರ್ಷದಿಂದ ಕೇಳಿಸಿಕೊಳ್ಳುತ್ತಾ ಇದ್ದೇನೆ. ನಾನು ತುರುವೇಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಎಂಟನೇ, ಒಂಬತ್ತನೇ ತರಗತಿಯ ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ನಮ್ಮ ರಾಜಧಾನಿಯ ಕಟ್ಟಡಗಳನ್ನು, ಮ್ಯೂಸಿಯಂಗಳನ್ನು ತೋರಿಸಿಕೊಂಡು ಬರುವುದು ನನ್ನ ಕೆಲಸ, ಅದಕ್ಕಿಂತ ಹೆಚ್ಚಾಗಿ ನನ್ನ ಆಸೆ. ಈಚೆಗೆ ಬೇರೆ ಶಾಲೆಗಳ ಶಿಕ್ಷಕರು, ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ನನ್ನ ಹಳೇ ವಿದ್ಯಾರ್ಥಿಗಳು ಫೋನ್ ಮಾಡಿ “ಏನೇನು ತೋರಿಸಬಹುದು, ಹೇಗೆ ಹೋಗಬೇಕು” ಅಂತ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಮೊದಲು ಆ ಪ್ರಶ್ನೆಗೆ ಉತ್ತರ. ಬಿಡುತ್ತಾರೆ. ವಿಧಾನಸೌಧವಾಗಲಿ, ಮ್ಯೂಸಿಯಂ ಆಗಲಿ, ಅದು ನಮ್ಮದೇ ದುಡ್ಡಿನಲ್ಲಿ, ನಮ್ಮ ಹಿರಿಯರ ಬೆವರಿನಲ್ಲಿ ಎದ್ದ ಕಟ್ಟಡ. ಆದರೆ ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ನಂಬಿಕೆ ಬರೋದಿಲ್ಲ. ಊರಲ್ಲಿ ತಾಲ್ಲೂಕು ಕಚೇರಿ ಬಾಗಿಲಲ್ಲಿ ಅಪ್ಪ ಟವೆಲ್ಲನ್ನು ಹೆಗಲಿನಿಂದ ಇಳಿಸಿ ಕೈಗೆ ತಗೊಳ್ಳೋದನ್ನು ನೋಡಿ ಬೆಳೆದ ಮಕ್ಕಳು ಅವರು. ಹಾಗಾಗಿ ಪ್ರವಾಸದ ಅರ್ಧ ತಯಾರಿ ಶಾಲೆಯಲ್ಲೇ ಆಗಬೇಕು. ಹೊರಡೋ ಹಿಂದಿನ ವಾರ ನಾನು ತರಗತಿಯಲ್ಲಿ ಗೇಟಿನ ಆಟ ಆಡಿಸುತ್ತೇನೆ. ಒಬ್ಬ ಪೊಲೀಸು, ಒಬ್ಬ ಟಿಕೆಟ್ ಕೌಂಟರಿನವನು, ಮಿಕ್ಕವರು ಸಾಲಿನಲ್ಲಿ. “ನಮಸ್ಕಾರ ಸರ್, ನಾವು ತುರುವೇಕೆರೆ ಕಡೆಯ ಶಾಲೆಯಿಂದ ಬಂದಿದ್ದೀವಿ, ನೋಡೋಕೆ ಬಂದಿದ್ದೀವಿ” ಅಂತ ತಲೆ ಎತ್ತಿ ಹೇಳಬೇಕು. ಬ್ಯಾಗನ್ನು ಸ್ಕ್ಯಾನರಿಗೆ ಹಾಕೋದು, ಕೈ ಚಾಚಿ ತಪಾಸಣೆಗೆ ನಿಲ್ಲೋದು, ಇವೆಲ್ಲ ಮೊದಲೇ ಗೊತ್ತಿದ್ದರೆ ಗೇಟಿನ ಮುಂದೆ ಮೈ ನಡುಗೋದಿಲ್ಲ. ದೊಡ್ಡವರನ್ನು ಕರೆದುಕೊಂಡು ಹೋಗುವಾಗಲೂ ಇದನ್ನೇ ಮಾಡಿ. ನನ್ನ ಅತ್ತೆ ಮೆಟಲ್ ಡಿಟೆಕ್ಟರ್ ಬಾಗಿಲು ಕೀ ಅಂದ ತಕ್ಷಣ ತಾನೇನೋ ತಪ್ಪು ಮಾಡಿದೆ ಅಂತ ವಾಪಸ್ ಓಡಿಬಂದಿದ್ದರು. ಬರೀ ಸೊಂಟದ ಡಾಬು ಅದು.

ಇನ್ನು ದಾರಿ. ರೈಲಿನಲ್ಲಿ ಬಂದರೆ ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋ ಹಿಡಿಯಿರಿ. ಎರಡನೇ ನಿಲ್ದಾಣವೇ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ. ಅಲ್ಲಿ ಇಳಿದು ಮೇಲೆ ಬಂದರೆ ವಿಧಾನಸೌಧ, ಎದುರಿಗೆ ಕೆಂಪು ಹೈಕೋರ್ಟು, ಹೈಕೋರ್ಟಿನ ಹಿಂದುಗಡೆ ಕಬ್ಬನ್ ಪಾರ್ಕು, ಪಾರ್ಕು ದಾಟಿದರೆ ಕಸ್ತೂರಬಾ ರಸ್ತೆಯ ಮ್ಯೂಸಿಯಂಗಳು. ಎಲ್ಲವೂ ಕಾಲ್ನಡಿಗೆಯ ದೂರ. ಬಾಡಿಗೆ ಬಸ್ಸು ಮಾಡಿಕೊಂಡು ಬಂದವರು ಪಾರ್ಕಿಂಗ್ ಹುಡುಕೋದರಲ್ಲೇ ಒಂದು ಗಂಟೆ ಕಳೆಯುತ್ತಾರೆ. ನಾವು ಮೊದಲೆರಡು ವರ್ಷ ಹಾಗೇ ಮಾಡಿ ಬುದ್ಧಿ ಕಲಿತೆವು. ನಮ್ಮ ಮಕ್ಕಳಿಗೆ ಆ ಮೆಟ್ರೋ ಕೂಡ ಒಂದು ನೋಡೋ ವಸ್ತುವೇ ಅನ್ನೋದು ಬೇರೆ ಮಾತು.

ಒಂದು ಹೆಸರಿನ ಗೊಂದಲ. ಬೆಂಗಳೂರಿನಲ್ಲಿ ಮ್ಯೂಸಿಯಂ ರಸ್ತೆ ಅಂತ ಒಂದಿದೆ. ಸರ್ಕಾರಿ ಮ್ಯೂಸಿಯಂ ಅಲ್ಲಿಲ್ಲ. 1865ರಲ್ಲಿ ಶುರುವಾದಾಗ ಅದು ಆ ರಸ್ತೆಯ ಹಳೇ ಜೈಲಿನ ಕಟ್ಟಡದಲ್ಲಿತ್ತು, ಆಮೇಲೆ ಈಗಿನ ಜಾಗಕ್ಕೆ ಬಂತು. ಮ್ಯೂಸಿಯಂ ಹೋದರೂ ಹೆಸರು ರಸ್ತೆಗೆ ಅಂಟಿಕೊಂಡಿತು. ಆಟೋದವರಿಗೆ ಬರೀ “ಮ್ಯೂಸಿಯಂ” ಅನ್ನಬೇಡಿ, “ಕಸ್ತೂರಬಾ ರಸ್ತೆ, ವಿಶ್ವೇಶ್ವರಯ್ಯ ಮ್ಯೂಸಿಯಂ ಹತ್ತಿರ” ಅನ್ನಿ.

ವಾರದ ಯಾವ ದಿನ ಅನ್ನೋದು ತುಂಬ ಮುಖ್ಯ. ಸೋಮವಾರ ಹೋಗಲೇಬೇಡಿ, ಹೆಚ್ಚಿನ ಮ್ಯೂಸಿಯಂಗಳಿಗೆ ಅವತ್ತು ರಜೆ. ವಿಶ್ವೇಶ್ವರಯ್ಯ ಮ್ಯೂಸಿಯಂ ಒಂದು ಸೋಮವಾರವೂ ತೆರೆದಿರುತ್ತೆ. ಸರ್ಕಾರಿ ರಜೆ, ದುರಸ್ತಿ, ಪ್ರತಿಭಟನೆಯಿಂದ ರಸ್ತೆ ಬಂದ್, ಇವನ್ನೆಲ್ಲ ಹಿಂದಿನ ದಿನ ಫೋನ್ ಮಾಡಿ ವಿಚಾರಿಸಿಕೊಳ್ಳಿ. ವೆಬ್‌ಸೈಟ್ ನೋಡಿದರೆ ಸಾಲದು. ಒಂದು ವರ್ಷ ನಾನು 42 ಮಕ್ಕಳನ್ನು ಕರೆದುಕೊಂಡು ಒಂದು ಸಂಗ್ರಹಾಲಯದ ಮುಂದೆ ನಿಂತಾಗ ಗೇಟಿಗೆ ಬೀಗ ಇತ್ತು. ಒಳಗೆ ಸುಣ್ಣಬಣ್ಣ ನಡೀತಿತ್ತು. ಮಕ್ಕಳು ಬೆಳಗ್ಗೆ ನಾಲ್ಕಕ್ಕೆ ಎದ್ದಿದ್ದರು. ಒಬ್ಬಳು ಕೂಲಿ ಮಾಡೋ ತಾಯಿ ಕೊಟ್ಟ ನೂರು ರೂಪಾಯಿಯನ್ನು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. ಆ ಬೀಗ ನೋಡಿ ಅವಳು ಅಂದದ್ದು, “ನಾವು ಬರ್ತೀವಿ ಅಂತ ಗೊತ್ತಾಗಿ ಹಾಕಿದ್ರಾ ಮಿಸ್?” ಅವತ್ತಿನಿಂದ ಫೋನ್ ಮಾಡದೆ ಹೊರಟಿಲ್ಲ.

ಈಗ ವಿಧಾನಸೌಧ. ಹತ್ತು ವರ್ಷ ನಾವು ಅದನ್ನು ಕಬ್ಬಿಣದ ಬೇಲಿಯಾಚೆಯಿಂದಲೇ ನೋಡಿದ್ದು. ಬೇಲಿಗೆ ಬೆನ್ನು ಹಾಕಿ ಗ್ರೂಪ್ ಫೋಟೋ, ಅಷ್ಟೇ. ಒಳಗೆ ಹೋಗಬೇಕು ಅಂದರೆ ಶಾಸಕರ ಪತ್ರ, ಪಾಸು, ಅಧಿವೇಶನ ಇರೋ ದಿನಾಂಕ, ಇವೆಲ್ಲ ಕೂಡಿಬರಬೇಕಿತ್ತು. 2025ರ ಜೂನ್‌ನಿಂದ ಸಾರ್ವಜನಿಕರಿಗೆ ಮಾರ್ಗದರ್ಶಕರ ಜೊತೆ ಒಳಗೆ ನೋಡೋ ವ್ಯವಸ್ಥೆ ಆಗಿದೆ. ಭಾನುವಾರಗಳಲ್ಲಿ, ಮತ್ತೆ ಎರಡನೇ, ನಾಲ್ಕನೇ ಶನಿವಾರಗಳಲ್ಲಿ. ಪ್ರವಾಸೋದ್ಯಮ ನಿಗಮದ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕು. ಶುರುವಾದಾಗ ದೊಡ್ಡವರಿಗೆ 50 ರೂಪಾಯಿ, ಚಿಕ್ಕ ಮಕ್ಕಳಿಗೆ ಉಚಿತ ಅಂತ ಇಟ್ಟಿದ್ದರು. ಹೊರಡೋ ಮುಂಚೆ ದರ, ಸಮಯ ಒಮ್ಮೆ ನೋಡಿಕೊಳ್ಳಿ. ಸುಮಾರು ಒಂದೂವರೆ ಗಂಟೆಯ ನಡಿಗೆ. ಗುರುತಿನ ಚೀಟಿ ಬೇಕೇ ಬೇಕು. ಮಕ್ಕಳ ಆಧಾರ್ ಕಾರ್ಡಿನ ಜೆರಾಕ್ಸ್ ಒಂದು ಕವರಿನಲ್ಲಿ ಹಾಕಿ ನಾನೇ ಇಟ್ಟುಕೊಳ್ಳುತ್ತೇನೆ. ಒಂದು ತಂಡಕ್ಕೆ ಮೂವತ್ತೇ ಜನ, ಅದಕ್ಕೆ ದೊಡ್ಡ ಗುಂಪಾದರೆ ಎರಡು ಸಮಯಕ್ಕೆ ಬುಕ್ ಮಾಡಿ, ಎರಡು ಗುಂಪಿಗೂ ಒಬ್ಬೊಬ್ಬ ಶಿಕ್ಷಕರು ಇರಲಿ.

ಒಳಗೆ ಹೋಗೋ ಮುಂಚೆ ಹೊರಗೇ ಹತ್ತು ನಿಮಿಷ ನಿಲ್ಲಿ. ಕಟ್ಟಡದ ಉದ್ದ 700 ಅಡಿ, ಅಗಲ 350. ಮುಂಭಾಗದ ಕಂಬಗಳು ಹನ್ನೆರಡು, ಒಂದೊಂದೂ 40 ಅಡಿ ಎತ್ತರ. ಮೆಟ್ಟಿಲು 45. ಇವನ್ನು ನಾನು ಹೇಳೋದಿಲ್ಲ, ಮಕ್ಕಳ ಕೈಲೇ ಎಣಿಸುತ್ತೇನೆ. ಎಣಿಸಿದ ಮೇಲೆ ಕಟ್ಟಡ ಅವರದಾಗುತ್ತೆ. ಆಮೇಲೆ ಮೇಲೆ ಕೆತ್ತಿರುವ “ಸರ್ಕಾರದ ಕೆಲಸ ದೇವರ ಕೆಲಸ” ಓದಿಸುತ್ತೇನೆ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದಾಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ, ಯೋಜನೆ ಇಷ್ಟು ದೊಡ್ಡದಾಗಿರಲಿಲ್ಲ. ಆಮೇಲೆ ಬಂದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ಬದಲಿಸಿ, ನಮ್ಮ ದೇವಸ್ಥಾನಗಳ ಗೋಪುರ, ಕಂಬ, ಬೋದಿಗೆಗಳ ಮಾದರಿ ತಂದು ಕೂರಿಸಿದರು. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. 1956ರಲ್ಲಿ ಕೆಲಸ ಮುಗಿಯಿತು. ಸಾವಿರಾರು ಕೂಲಿಯವರ ಜೊತೆ ಜೈಲಿನ ಕೈದಿಗಳೂ ಇಲ್ಲಿ ಕಲ್ಲು ಹೊತ್ತಿದ್ದಾರೆ. ಇದನ್ನು ಹೇಳಿದಾಗ ಮಕ್ಕಳು ಮಾತು ನಿಲ್ಲಿಸಿ ಗೋಡೆ ನೋಡುತ್ತಾರೆ.

ನನ್ನ ಮಟ್ಟಿಗೆ ವಿಧಾನಸೌಧದ ತಿರುಳು ಇರೋದು ಕಲ್ಲಿನಲ್ಲಿ. ಗೋಡೆಗೆಲ್ಲ ಬೆಂಗಳೂರು ಸುತ್ತಲಿನ ಗ್ರಾನೈಟ್. ಅಲಂಕಾರದ ಕೆಲಸಕ್ಕೆ ಎರಡು ಕಡೆಯ ಕಲ್ಲು ಬಂತು: ಮಾಗಡಿಯ ಗುಲಾಬಿ ಕಲ್ಲು, ಮತ್ತೆ ನಮ್ಮ ತುರುವೇಕೆರೆಯ ಕರಿಕಲ್ಲು. ಹೌದು, ನಮ್ಮ ತುರುವೇಕೆರೆಯದೇ. ಗಂಗಾಧರೇಶ್ವರ ದೇವಸ್ಥಾನದ ನಂದಿ ನೋಡಿದವರಿಗೆ ಆ ಕಪ್ಪು, ಆ ಹೊಳಪು ಗೊತ್ತಿರುತ್ತೆ. ಎಣ್ಣೆ ಹಚ್ಚಿಟ್ಟಂತೆ ಮಿನುಗುತ್ತೆ. ನಮ್ಮ ಮಕ್ಕಳು ಅದರ ಬೆನ್ನಲ್ಲಿ ತಮ್ಮ ಮುಖ ನೋಡಿಕೊಂಡು ಬೆಳೆದವರು. ಕಳೆದ ಸಲ ಒಳಗೆ ಹೋದಾಗ ಇದೊಂದನ್ನು ಮಾತ್ರ ಹೇಳಿ ಬಿಟ್ಟೆ: “ಇಲ್ಲಿ ನಮ್ಮೂರ ಕಲ್ಲಿದೆ, ಹುಡುಕಿ.” ಅಲ್ಲಿಯವರೆಗೆ ಗೋಡೆಗೆ ತಾಗದ ಹಾಗೆ ಮೈ ಮುದುಡಿಕೊಂಡು ನಡೀತಿದ್ದವರು ಒಂದು ಕ್ಷಣದಲ್ಲಿ ಮನೆಯವರಾದರು. ಒಬ್ಬಳು ಕಪ್ಪು ಕಲ್ಲು ಕಂಡಲ್ಲೆಲ್ಲ ಬಗ್ಗಿ ನೋಡಿ, ನಮಗೆ ದಾರಿ ತೋರಿಸುತ್ತಿದ್ದ ಹುಡುಗಿಗೇ “ಅಕ್ಕ, ಇದು ನಮ್ಮೂರಿಂದ ಬಂದಿರೋದು” ಅಂತ ವಿವರಿಸೋಕೆ ಶುರು ಮಾಡಿದಳು. ಆ ಅಕ್ಕ ನಿಂತು ಪೂರ್ತಿ ಕೇಳಿದರು. ಅವರಿಗೆ ನನ್ನ ನಮಸ್ಕಾರ.

ನೀವು ಯಾವ ಊರಿನವರೇ ಇರಲಿ, ಹೋಗೋ ಮುಂಚೆ ನಿಮ್ಮೂರಿನದ್ದು ಅಲ್ಲಿ ಏನಿದೆ ಅಂತ ಹುಡುಕಿಟ್ಟುಕೊಳ್ಳಿ. ಶಾಸನವೋ, ಮೂರ್ತಿಯೋ, ಮರವೋ, ಕಲ್ಲೋ, ಒಂದಾದರೂ ಸಿಗುತ್ತೆ. ನಾನು ಕೊಡೋ ಸಲಹೆಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

ಭಾನುವಾರ, ರಜಾದಿನಗಳ ಸಂಜೆ ವಿಧಾನಸೌಧಕ್ಕೆ ದೀಪಾಲಂಕಾರ ಇರುತ್ತೆ. ಅದಕ್ಕಾಗಿ ಕಾದರೆ ನಮ್ಮ ರೈಲು ತಪ್ಪುತ್ತೆ. ಉಳಿದುಕೊಳ್ಳೋರು ಖಂಡಿತ ನೋಡಿ. ಪಶ್ಚಿಮ ದ್ವಾರದ ಕಡೆ 2025ರ ಜನವರಿಯಲ್ಲಿ ನಿಲ್ಲಿಸಿದ 25 ಅಡಿ ಎತ್ತರದ ಕಂಚಿನ ಭುವನೇಶ್ವರಿಯನ್ನೂ ಬಿಡಬೇಡಿ.

ಎದುರಿನ ಹೈಕೋರ್ಟನ್ನು, ಅಂದರೆ ಅಠಾರಾ ಕಚೇರಿಯನ್ನು, ಹೊರಗಿನಿಂದ ನೋಡಿದರೆ ಸಾಕು. ಅದು ಕೆಲಸದ ಜಾಗ, ಜನ ತಮ್ಮ ಕಷ್ಟ ಹೊತ್ತು ಬರೋ ಜಾಗ. ಅಲ್ಲಿ ಗುಂಪುಗೂಡಿ ಗಲಾಟೆ ಬೇಡ. 1864ರಿಂದ 1868ರವರೆಗೆ ಕಟ್ಟಿದ್ದು, ಹದಿನೆಂಟು ಇಲಾಖೆಗಳಿಗೆಂದು. ಅಠಾರಾ ಅಂದರೆ ಹದಿನೆಂಟು. ಅದಕ್ಕೆ ಮುಂಚೆ ಆ ಕಚೇರಿಗಳೆಲ್ಲ ಕೋಟೆಯ ಟಿಪ್ಪು ಅರಮನೆಯಲ್ಲಿದ್ದವು. 1980ರ ದಶಕದಲ್ಲಿ ಈ ಕೆಂಪು ಕಟ್ಟಡವನ್ನೇ ಕೆಡವೋ ಮಾತು ಎದ್ದಿತ್ತು, ಜನ ವಿರೋಧಿಸಿದ ಮೇಲೆ ಉಳಿಯಿತು. ರಸ್ತೆಯ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಬೂದು. ಒಂದು ಪರದೇಶದವರು ಆಳುವಾಗ ಎದ್ದದ್ದು, ಇನ್ನೊಂದು ನಾವೇ ಆಳಿಕೊಳ್ಳೋಕೆ ಶುರು ಮಾಡಿದ ಮೇಲೆ ಎದ್ದದ್ದು. ಮಧ್ಯದ ಫುಟ್‌ಪಾತ್ ಮೇಲೆ ನಿಂತು ಎರಡನ್ನೂ ತೋರಿಸಿದರೆ ಹತ್ತನೇ ತರಗತಿಯ ಎರಡು ಪಾಠ ಅಲ್ಲೇ ಮುಗಿಯುತ್ತೆ.

ಅಲ್ಲಿಂದ ಕಬ್ಬನ್ ಪಾರ್ಕಿನೊಳಗೆ ನಡೆಯಿರಿ. ಭಾನುವಾರವಾದರೆ ಪಾರ್ಕಿನೊಳಗೆ ವಾಹನ ಇರೋದಿಲ್ಲ, ಮಕ್ಕಳನ್ನು ನಿಶ್ಚಿಂತೆಯಿಂದ ಬಿಡಬಹುದು. ನಡುವೆ ಸಿಗೋ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಈಗ ರಾಜ್ಯ ಕೇಂದ್ರ ಗ್ರಂಥಾಲಯ. 1915ರ ಕಟ್ಟಡ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶಿವನಸಮುದ್ರದ ವಿದ್ಯುತ್ ಕೆಲಸ ಶುರುವಾದದ್ದು. ಅವರು ತೀರಿಕೊಂಡ ಮೇಲೆ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಗ್ರಂಥಾಲಯಕ್ಕೆ ಹೋದರೆ ಗುಂಪಾಗಿ ನುಗ್ಗಬೇಡಿ, ಐದೈದು ಜನ ಒಳಗೆ ಹೋಗಿ, ಸದ್ದಿಲ್ಲದೆ ಒಂದು ಸುತ್ತು ಹಾಕಿ ಬನ್ನಿ. ಪೈಪೋಟಿ ಪರೀಕ್ಷೆಗೆ ಓದುತ್ತಾ ಕೂತಿರೋ ಹುಡುಗ ಹುಡುಗಿಯರನ್ನು ನೋಡಿಯೇ ನಮ್ಮ ಒಂಬತ್ತನೇ ತರಗತಿಯವರು ಹೊರಬಂದು ಮೆಲ್ಲಗೆ “ಇಲ್ಲಿ ದುಡ್ಡು ಕೊಡಬೇಕಾ ಓದೋಕೆ?” ಅಂತ ಕೇಳುತ್ತಾರೆ. ಬೇಡ ಅಂದಾಗ ಅವರ ಮುಖ ನೋಡಬೇಕು.

ಬುತ್ತಿಯನ್ನು ಪಾರ್ಕಿನ ಹುಲ್ಲಿನ ಮೇಲೆ ಬಿಚ್ಚಬೇಡಿ, ಮರ ಗಿಡ ನೋಡಿಕೊಳ್ಳೋರಿಗೆ ಅದು ಹಿಂಸೆ. ನಾವು ಚಿತ್ರಾನ್ನದ ಪೊಟ್ಟಣವನ್ನು ರೈಲು ಇಳಿಯೋ ಮುಂಚೆಯೇ ಖಾಲಿ ಮಾಡುತ್ತೇವೆ, ಮಧ್ಯಾಹ್ನಕ್ಕೆ ವಿಶ್ವೇಶ್ವರಯ್ಯ ಮ್ಯೂಸಿಯಂನ ಕ್ಯಾಂಟೀನು. ನೀರಿನ ಬಾಟಲಿಗೆ ಹೆಸರು ಬರೆದ ಚೀಟಿ ಅಂಟಿಸಿ. ಶೌಚಾಲಯ ಸಿಕ್ಕ ಕಡೆಯೆಲ್ಲ ಹೋಗಿಬರಲಿ, ‘ಈಗ ಬೇಡ’ ಅಂದವರನ್ನೂ ಕಳಿಸಿ. ಹೆಣ್ಣುಮಕ್ಕಳ ಜೊತೆ ಹೋಗೋ ಶಿಕ್ಷಕಿಯರು ಒಂದೆರಡು ಪ್ಯಾಡ್, ಒಂದು ಜೊತೆ ಬಟ್ಟೆ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಎಷ್ಟೋ ಹುಡುಗಿಯರು ಇದೊಂದು ಭಯಕ್ಕೇ ಪ್ರವಾಸಕ್ಕೆ ಹೆಸರು ಕೊಡೋದಿಲ್ಲ. ಇದನ್ನು ಯಾರೂ ಬರೆಯೋದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಸರ್ಕಾರಿ ಮ್ಯೂಸಿಯಂ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಎಡ್ವರ್ಡ್ ಬಾಲ್ಫರ್ ಅನ್ನೋ ವೈದ್ಯರು ಶುರು ಮಾಡಿದ್ದು. ಅದಕ್ಕೂ ಮುಂಚೆ ಅವರು ಮದ್ರಾಸಿನಲ್ಲಿ ಒಂದು ಕಟ್ಟಿದ್ದರು. ಕಸ್ತೂರಬಾ ರಸ್ತೆಯ ಈ ಕೆಂಪು ಕಟ್ಟಡ 1877ರದ್ದು, ಕಬ್ಬನ್ ಪಾರ್ಕನ್ನು ರೂಪಿಸಿದ ಸ್ಯಾಂಕಿಯವರೇ ಕಟ್ಟಿಸಿದ್ದು. ದುರಸ್ತಿ ಅಂತ ಮುಚ್ಚಿರೋದೂ ಉಂಟು, ಹೋಗೋ ಮುಂಚೆ ವಿಚಾರಿಸಿ. ತೆರೆದಿದ್ದರೆ ಮಾತ್ರ ಅರ್ಧ ದಿನ ಇದಕ್ಕೇ ಕೊಡಿ.

ಹೆಚ್ಚಿನ ಶಾಲಾ ಗುಂಪುಗಳು ಇದನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸೋದನ್ನು ನೋಡಿದ್ದೇನೆ. ಒಂದು ಬಾಗಿಲಲ್ಲಿ ಒಳಗೆ, ಇನ್ನೊಂದು ಬಾಗಿಲಲ್ಲಿ ಹೊರಗೆ, “ನಡೀರಿ ನಡೀರಿ ಸಾಲು ಬಿಡಬೇಡಿ.” ಒಂದು ಮ್ಯೂಸಿಯಂನಲ್ಲಂತೂ ಅಲ್ಲಿನ ಸಿಬ್ಬಂದಿಯೇ ನಮ್ಮ ಮಕ್ಕಳ ಹವಾಯಿ ಚಪ್ಪಲಿ ನೋಡಿ, “ಬೇಗ ಬೇಗ ಮುಂದೆ ಹೋಗಿ, ಬೇರೆಯವರು ನೋಡಬೇಕು” ಅಂದರು. ನನಗೆ ಬಹಳ ನೋವಾಯಿತು. “ಇವರೂ ನೋಡೋಕೇ ಬಂದಿದ್ದಾರೆ ಸರ್, ಇವರಿಗೂ ಟಿಕೆಟ್ ತಗೊಂಡಿದ್ದೀವಿ” ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ ಅಲ್ಲೇ ನಿಂತೆ. ಮಕ್ಕಳೂ ನಿಂತರು. ನಿಮ್ಮ ಜೊತೆ ಯಾರೇ ಇರಲಿ, ಅಂಥ ಹೊತ್ತಿನಲ್ಲಿ ದನಿ ಎತ್ತರಿಸಬೇಕಿಲ್ಲ, ಜಾಗ ಬಿಟ್ಟು ಕದಲಬೇಡಿ.

ನಮ್ಮ ಪದ್ಧತಿ ಹೀಗೆ. ಮೊದಲು ಎಲ್ಲರೂ ಒಂದು ಸುತ್ತು ಬರಬೇಕು, ಯಾರೂ ಏನೂ ಬರೆದುಕೊಳ್ಳೋ ಹಾಗಿಲ್ಲ. ಎರಡನೇ ಸುತ್ತಿನಲ್ಲಿ ಪ್ರತಿಯೊಬ್ಬರೂ ಒಂದೇ ಒಂದು ವಸ್ತು ಆರಿಸಿಕೊಳ್ಳಬೇಕು. ಅದರ ಮುಂದೆ ಹದಿನೈದು ನಿಮಿಷ ಕೂತು ಪೆನ್ಸಿಲಿನಲ್ಲಿ ಚಿತ್ರ ಬರೆಯಬೇಕು. ಚಿತ್ರ ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಬರೆಯೋ ಕೈ ಕಣ್ಣನ್ನು ಎಳೆದುಕೊಂಡು ಹೋಗುತ್ತೆ. ಫೋಟೋ ತೆಗೆಯಬಾರದು ಅನ್ನೋ ಕಡೆಯೂ ಪೆನ್ಸಿಲಿಗೆ ಯಾರೂ ಬೇಡ ಅಂದದ್ದು ನಾನು ಕಂಡಿಲ್ಲ, ಆದರೂ ಒಂದು ಮಾತು ಕೇಳಿಯೇ ಕೂರುತ್ತೇವೆ.

ಇಲ್ಲಿರೋ ವೀರಗಲ್ಲುಗಳಲ್ಲಿ ಬೇಗೂರಿನದೊಂದು ದೊಡ್ಡದು, ಗಂಗರ ಕಾಲದ್ದು. ಆನೆ, ಕುದುರೆ, ಕತ್ತಿ, ಬಿದ್ದ ಯೋಧರು, ಇಡೀ ಯುದ್ಧವೇ ಒಂದು ಕಲ್ಲಿನಲ್ಲಿದೆ. ಆದರೆ ನಮ್ಮ ಮಕ್ಕಳು ಅಂಟಿಕೊಳ್ಳೋದು ಆತಕೂರಿನ ಕಲ್ಲಿಗೆ. ಮದ್ದೂರು ಸೀಮೆಯ ಆತಕೂರಿನಿಂದ ಬಂದದ್ದು, ಕ್ರಿ.ಶ. 949-50ರದ್ದು. ಅದರ ಮೇಲಿರೋದು ರಾಜ ಅಲ್ಲ, ಒಂದು ನಾಯಿ. ನಾಯಿಯೂ ಕಾಡುಹಂದಿಯೂ ಮುಖಾಮುಖಿ ಕಾದಾಡುತ್ತಿವೆ. ಸುತ್ತ ಹಳಗನ್ನಡದ ಸಾಲುಗಳು. ಕಥೆ ಇಷ್ಟು: ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ. ಅವನ ಕಡೆ ಗಂಗರ ಇಮ್ಮಡಿ ಬೂತುಗ ಇದ್ದ, ಬೂತುಗನ ಕಡೆ ಮಣಲೇರ ಅನ್ನೋ ವೀರ. ಯುದ್ಧದಲ್ಲಿ ಮಣಲೇರನ ಸಾಹಸಕ್ಕೆ ಮೆಚ್ಚಿ ಬೂತುಗ ಏನು ಬೇಕು ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಗುಡ್ಡದಲ್ಲಿ ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ದೇವಸ್ಥಾನದ ಮುಂದೆ ಈ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಅಂತ ಕಟ್ಟಳೆಯನ್ನೂ ಬರೆಸಿದರು.

2019ರ ಡಿಸೆಂಬರಿನ ಪ್ರವಾಸದಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗ ಈ ಕಲ್ಲಿನ ಮುಂದೆ ಕೂತವನು ಏಳಲೇ ಇಲ್ಲ. ತರಗತಿಯಲ್ಲಿ ಹಿಂದಿನ ಬೆಂಚು, ಬಾಯಿ ಬಿಟ್ಟು ಒಂದು ಪ್ರಶ್ನೆ ಕೇಳಿದವನಲ್ಲ. ನಮ್ಮ ಕಡೆ ತೋಟಕ್ಕೆ, ರಾಗಿ ಹೊಲಕ್ಕೆ ಹಂದಿ ನುಗ್ಗೋದು ಇದ್ದದ್ದೇ. ಅವನ ಮನೆಯ ನಾಯಿಯನ್ನು ಹಿಂದಿನ ಸುಗ್ಗಿಯಲ್ಲಿ ಹಂದಿ ಸೀಳಿ ಹಾಕಿತ್ತಂತೆ. ಅದು ನನಗೆ ಗೊತ್ತಿರಲಿಲ್ಲ. ಅವನು ಕಲ್ಲಿನ ಹಂದಿಯ ಕೋರೆ ತೋರಿಸಿ, “ಇಲ್ಲೇ ಮಿಸ್, ಹಿಂಗೇ ಕೆಳಗಿಂದ ಹಾಕುತ್ತೆ ಅದು” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಕಾಳಿ ಅಂತ ಹೆಸರು ಎಲ್ಲಿದೆ?” ಅಂತ ಕೇಳಿದ.

ಹಳಗನ್ನಡ ಲಿಪಿಯಲ್ಲಿ ಒಂದು ಹೆಸರು ಹುಡುಕೋದು ಸುಲಭವಲ್ಲ. ಸಾಲುಗಳು ಚಿತ್ರದ ಸುತ್ತ ಸುತ್ತಿಕೊಂಡು ಹೋಗುತ್ತವೆ. ಕಾವಲಿನ ಹಿರಿಯರೊಬ್ಬರ ಅನುಮತಿ ಕೇಳಿ ಮೊಬೈಲಿನ ಟಾರ್ಚ್ ಹಾಕಿದೆ. ಇಲ್ಲೊಂದು ಉಪಾಯ ಹೇಳುತ್ತೇನೆ, ಯಾವ ಶಾಸನಕ್ಕಾದರೂ ಆಗುತ್ತೆ. ಬೆಳಕನ್ನು ಎದುರಿನಿಂದ ಬಿಡಬೇಡಿ, ಅಕ್ಷರ ಚಪ್ಪಟೆಯಾಗಿಬಿಡುತ್ತೆ. ಪಕ್ಕದಿಂದ, ಕಲ್ಲಿನ ಮೈಗೆ ಸವರಿದ ಹಾಗೆ ಬಿಡಿ. ಪ್ರತಿ ಗೀರಿನಲ್ಲೂ ನೆರಳು ತುಂಬಿಕೊಂಡು ಅಕ್ಷರ ಎದ್ದು ನಿಲ್ಲುತ್ತೆ. ಕೈಯಲ್ಲಿ ಮುಟ್ಟಬೇಡಿ, ಸೀಮೆಸುಣ್ಣ, ಹಿಟ್ಟು ಹಚ್ಚೋದಂತೂ ಬೇಡವೇ ಬೇಡ. ಹಾಗೆ ಬೆಳಕು ಜರುಗಿಸುತ್ತಾ ಹೋದಾಗ ಅವನಿಗೆ ಒಂದು ‘ಕ’ ಸಿಕ್ಕಿತು. ತಲೆಕಟ್ಟಿನ ಕೆಳಗೆ ಅಡ್ಡಗೀರು, ನಮ್ಮ ಈಗಿನ ‘ಕ’ದ ಅಜ್ಜಿಯ ಹಾಗಿದೆ. ಆಮೇಲೆ ಇನ್ನೊಂದು, ಮತ್ತೊಂದು. ಯಾವುದು ಕಾಳಿಯ ‘ಕ’ ಅಂತ ನಮಗಿಬ್ಬರಿಗೂ ತೀರ್ಮಾನಕ್ಕೆ ಬರೋಕೆ ಆಗಲಿಲ್ಲ. ಅವನು ಹಾಳೆ ತುಂಬ ಬರೀ ‘ಕ’ಗಳನ್ನು ಬರೆದುಕೊಂಡ. ಆ ಕಾವಲಿನವರು ಸ್ಟೂಲು ತಂದುಕೊಟ್ಟು, “ಕೂತ್ಕೊಂಡು ಬರಿ ಮಗ, ಇನ್ನೂ ಟೈಮಿದೆ” ಅಂದರು.

ಪಕ್ಕದ ವೆಂಕಟಪ್ಪ ಚಿತ್ರಶಾಲೆ ತೆರೆದಿದ್ದರೆ ಕೆ. ವೆಂಕಟಪ್ಪನವರ ನೀಲಗಿರಿಯ ಜಲವರ್ಣಗಳನ್ನು ನೋಡಿ. ಮಂಜು ಬಿಳಿ ಅಲ್ಲ ಅಂತ ಅವರ ಚಿತ್ರ ನೋಡಿದ ಮೇಲೆ ನನಗೆ ಗೊತ್ತಾದದ್ದು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರೋ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ದೊಡ್ಡವರಿಗೆ ಒಳ್ಳೆಯದು, ಮರಗಳ ನೆರಳೂ ಚೆನ್ನಾಗಿದೆ. ಎಂಟನೇ ತರಗತಿಯವರಿಗೆ ಅಲ್ಲಿ ಹೊತ್ತು ಹೋಗೋದಿಲ್ಲ.

ವಿಶ್ವೇಶ್ವರಯ್ಯ ಮ್ಯೂಸಿಯಂ ಕೊನೆಗಿರಲಿ. ಮೊದಲು ಅಲ್ಲಿಗೆ ಹೋದರೆ ಮಕ್ಕಳು ಹೊರಗೆ ಬರೋದಿಲ್ಲ. ಬಾಗಿಲಲ್ಲೇ ತಲೆ ಆಡಿಸೋ ಡೈನೋಸಾರ್, ಒಳಗೆ ರೈಟ್ ಸಹೋದರರ ವಿಮಾನದ ಅಷ್ಟೇ ದೊಡ್ಡ ಪ್ರತಿರೂಪ, ತಿರುಗಿಸೋಕೆ ಚಕ್ರ, ಒತ್ತೋಕೆ ಗುಂಡಿ. ವಿಶ್ವೇಶ್ವರಯ್ಯನವರು ನೂರು ದಾಟಿದ ಗೌರವಕ್ಕೆ ಕಟ್ಟಿದ ಮ್ಯೂಸಿಯಂ ಇದು. 1962ರ ಜುಲೈನಲ್ಲಿ ಉದ್ಘಾಟನೆಯಾಯಿತು, ಅವರು ಅದೇ ವರ್ಷ ಏಪ್ರಿಲಿನಲ್ಲಿ ತೀರಿಕೊಂಡಿದ್ದರು. ಇಲ್ಲಿ ನಾನು ಮಕ್ಕಳ ಹಿಂದೆ ಬೀಳೋದಿಲ್ಲ. ಎಲ್ಲರೂ ಇಂಥ ಹೊತ್ತಿಗೆ ಡೈನೋಸಾರ್ ಹತ್ತಿರ ಸೇರಬೇಕು ಅಂತ ಹೇಳಿ ಬೆಂಚಿನ ಮೇಲೆ ಕೂತುಬಿಡುತ್ತೇನೆ.

ಟಿಪ್ಪು ಅರಮನೆಯನ್ನು ಇದೇ ದಿನಕ್ಕೆ ತುರುಕಬೇಡಿ. ಅದು ಹಸಿರು ಮಾರ್ಗದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದ ಹತ್ತಿರ. ಹೈದರಾಲಿ 1781ರಲ್ಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ತೇಗದ ಕೆಲಸ. ಮರದ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿರೋದನ್ನು ಗಮನಿಸಿ, ನಮ್ಮ ತೊಟ್ಟಿಮನೆಗಳ ಕಂಬಕ್ಕೂ ಹಾಗೇ ಇರುತ್ತೆ. ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನ, ಹೂವಿನ ಮಾರುಕಟ್ಟೆ ಸೇರಿಸಿದರೆ ಒಂದು ಬೆಳಗ್ಗೆ ತುಂಬುತ್ತೆ. ಅದು ಇನ್ನೊಂದು ಪ್ರವಾಸ.

ಈ ವರ್ಷ 38 ಮಕ್ಕಳು ಹೆಸರು ಕೊಟ್ಟಿದ್ದಾರೆ, ಜೊತೆಗೆ ಆರು ಜನ ತಾಯಂದಿರು. ತಾಯಂದಿರನ್ನೂ ಕರೆಯೋದು ಇದೇ ಮೊದಲು. ಆ ಹಂದಿ-ನಾಯಿ ಕಲ್ಲಿನ ಹುಡುಗನ ತಂಗಿ ಈಗ ಎಂಟನೇ ತರಗತಿಯಲ್ಲಿದ್ದಾಳೆ. ಹೋದ ವಾರ ದುಡ್ಡು ಕಟ್ಟೋಕೆ ಅವಳ ತಾಯಿ ಶಾಲೆಗೆ ಬಂದಿದ್ದರು, ಬೈಕಿನಲ್ಲಿ ಕರೆದುಕೊಂಡು ಬಂದವನು ಅವನೇ. ಈಗ ಅವನಿಗೆ ಮೀಸೆ ಬಂದಿದೆ. ಕೊಬ್ಬರಿ ಸುಲಿಯೋ ಕೆಲಸದಿಂದ ನೇರ ಬಂದಿದ್ದರು ಅನ್ನಿಸುತ್ತೆ, ತಾಯಿಯ ಸೆರಗಿನಲ್ಲಿ ಇನ್ನೂ ನಾರು ಅಂಟಿಕೊಂಡಿತ್ತು. ರಸೀದಿ ತಗೊಂಡು ಬಾಗಿಲವರೆಗೆ ಹೋದವರು ತಿರುಗಿ, “ಮಿಸ್ಸೇ, ನಮ್ಮಂಥೋರನ್ನೂ ಒಳಗೆ ಬಿಡ್ತಾರಾ?” ಅಂದರು.

ನಾನು ಬಾಯಿ ತೆರೆಯೋಕೆ ಮುಂಚೆ ಅವನೇ ಹೇಳಿದ: “ಬಿಡ್ತಾರೆ ಕಣಮ್ಮ. ಆಧಾರ್ ಕಾರ್ಡ್ ಮರೀಬೇಡ, ಅಷ್ಟೇ.”